ಫ್ಯೂಸಲಾಜ್ (ವಿಮಾನದ ಮೈ) ಮೇಲಿನ ಅರ್ಧ ಕೆಳಗಿನದರ ಮೇಲೆ ಕೂರ್ತಿಲ್ಲ, ಕ್ಲಾಂಪ್ ಹಾಕಿ ಎಳೆದು ಅಂಟಿಸ್ಬಹುದಾ?

ಗ್ಯಾರೇಜ್_ಗರುಡ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಓದೋ ತಾಳ್ಮೆ ಇರಲಿ. ನಾನಿರೋದು ಇಂಗ್ಲೆಂಡಲ್ಲಿ, ಊರು ತುಮಕೂರು ಕಡೆ. ಹೋದ ವರ್ಷ ಒಬ್ರು ಅರ್ಧಕ್ಕೇ ಕೈಬಿಟ್ಟಿದ್ದ ಯೂರೋಪಾ ಕಿಟ್ ಕಡಿಮೆ ದುಡ್ಡಿಗೆ ತಗೊಂಡೆ. ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ ಎರಡು ಸೀಟಿನ ಗ್ಲಾಸ್ ಫೈಬರ್ ವಿಮಾನ, ಯಾರ್ಕ್‌ಶೈರ್‌ನ ಐವನ್ ಶಾ ಡಿಸೈನ್ ಮಾಡಿದ್ದು, 1992ರಲ್ಲಿ ಮೊದಲ ಸಲ ಹಾರಿದ್ದು, ರೆಕ್ಕೆ ಕಳಚಿ ಟ್ರೈಲರ್ ಮೇಲೆ ಹಾಕ್ಕೊಂಡು ಮನೆಗೆ ತರಬಹುದು, ನಾನು ಬಿದ್ದಿದ್ದೇ ಅದಕ್ಕೆ.

ಇದರ ಮೈ ಎರಡು ಚಿಪ್ಪು. ಕೆಳಗಿನದು ದೋಣಿ ತರ, ಮೇಲಿನದು ಮುಚ್ಚಳ ತರ. ಸೀಟು, ಟ್ಯಾಂಕು, ಕಂಟ್ರೋಲ್ ರಾಡು ಎಲ್ಲಾ ಕೆಳಗಿನದರಲ್ಲಿ ಕೂರಿಸಿ ಆಮೇಲೆ ಮುಚ್ಚಳ ಅಂಟಿಸೋದು. ಒಂದರ ಅಂಚು ಮೆಟ್ಟಿಲು ಇಟ್ಟ ಹಾಗೆ ಒಳಕ್ಕೆ ಸರಿದಿರುತ್ತೆ (ಜಾಗಲ್ ಅಂತಾರೆ), ಇನ್ನೊಂದು ಅದರ ಮೇಲೆ ಬಂದು ಕೂರುತ್ತೆ, ಹೊರಗಿಂದ ಸಮ ಆಗುತ್ತೆ.

ಪ್ರಾಬ್ಲಮ್ ಏನಪ್ಪಾ ಅಂದ್ರೆ ಹಳೇ ಓನರ್ ಇದನ್ನ ಹತ್ತು ಹನ್ನೆರಡು ವರ್ಷ ಶೆಡ್ಡಲ್ಲಿ ಇಟ್ಟಿದ್ರು, ಕೆಳಗಿನ ಚಿಪ್ಪು ಎರಡು ಹಳೇ ಟೈರ್ ಮೇಲೆ, ಮೇಲಿನದು ಗೋಡೆಗೆ ಒರಗಿಸಿ. ಈಗ ಅಂಟಿಲ್ದೇ ಕೂರಿಸಿ ನೋಡಿದ್ರೆ ಬಾಗಿಲ ಹತ್ರ ಚೆನ್ನಾಗಿದೆ, ಲಗೇಜ್ ಜಾಗ ದಾಟಿ ಬಾಲದ ಕಡೆ ಹೋದ್ರೆ ಎಡಗಡೆ 4 ಮಿ.ಮೀ. ಬಾಯ್ ಬಿಟ್ಕೊಂಡಿದೆ, ಬಲಗಡೆ ಬಿಗಿ. ನಾನು ಒಂದ್ ಕಡೆ, ಹೆಂಡತಿ ಒಂದ್ ಕಡೆ ಒತ್ತಿ ಹಿಡಿದ್ರೆ ಕೂತ್ಕೊಳುತ್ತೆ, ಕ್ಲೆಕೋ ಪಿನ್ (ತೂತಿಗೆ ಹಾಕಿ ತಾತ್ಕಾಲಿಕವಾಗಿ ಬಿಗಿಯೋದು) ಹಾಕಿದ್ರೆ ನಿಲ್ಲುತ್ತೆ ಕೂಡ. ಹಂಗೇ ಎಳೆದು ಅಂಟಿಸಿಬಿಟ್ರೆ ಏನಾಗುತ್ತೆ?

ಹುಬ್ಬಳ್ಳಿ_ಗ್ಲೈಡರ್
ಇಬ್ಬರು ಒತ್ತಿ ಹಿಡದ್ರ ಕೂಡ್ತದ ಅಂದ್ರ ಅದು ಕೂಡಿಲ್ಲ ಅಂತನ ಅರ್ಥ ರೀ 😄

ನಾ ದೊಡ್ಡ ವಿಮಾನ ಮಾಡಿಲ್ಲ, ರೇಡಿಯೋ ಕಂಟ್ರೋಲ್ ಗ್ಲೈಡರ್ ಮಾಡ್ತೀನಿ, ಮೈ ಎರಡ ಅರ್ಧ ಮಾಡಿ ಕೂಡಸೂದು ನಮ್ಮಲ್ಲೂ ಅದ. ಆದ್ರ ನಾವು ಮೋಲ್ಡಿನಾಗಿಂದ (ಅಚ್ಚು) ತಗಿಯೂದ ಇಲ್ಲ. ಎರಡೂ ಮೋಲ್ಡ್ ಒಂದರ ಮ್ಯಾಲ ಒಂದು ಇಟ್ಟು ಬೋಲ್ಟ್ ಬಿಗದು, ಒಳಗ ಮುಟ್ಟಿ ಮುಟ್ಟಿ ಗ್ಲಾಸ್ ಫೈಬರ್ ಅರಿವಿ ಟೇಪ್ ಹಚ್ಚಿ, ಒಣಗಿದ ಮ್ಯಾಲ ಒಮ್ಮೆಲೇ ಹೊರಗ. ಸೊಟ್ಟ ಆಗಾಕ ಅದಕ್ಕ ಅವಕಾಶನ ಇರೂದಿಲ್ಲ. ಖರೇ ಗ್ಲೈಡರ್ ಫ್ಯಾಕ್ಟರಿಯಾಗೂ ಹಂಗ ಮಾಡ್ತಾರ. ನಿಮಗ ಬಂದಿದ್ದು ಮೋಲ್ಡಿಲ್ಲದ ಬರೇ ಚಿಪ್ಪು, ಅದೂ ಹತ್ತು ವರ್ಷ ಟೈರಿನ ಮ್ಯಾಲ ಮಲಗಿದ್ದು.

ಮಲ್ಪೆ_ದೋಣಿ
ಎಳೆದು ಅಂಟಿಸ್ಲಿಕ್ಕೆ ಮಾತ್ರ ಹೋಗ್ಬೇಡಿ ಮಾರಾಯ್ರೆ. ನಮ್ಮದು ಫೈಬರ್ ದೋಣಿ ಕೆಲಸ, ಹಲ್ (ದೋಣಿಯ ಕೆಳಮೈ) ಮೇಲೆ ಡೆಕ್ ಕೂರಿಸುವಾಗ ಇದು ದಿನಾ ಇರುವ ತಲೆಬಿಸಿ. ನಾವು ಎಳೆಯುವುದಿಲ್ಲ, ಎಷ್ಟು ಗ್ಯಾಪ್ ಉಂಟೋ ಅಷ್ಟು ಪುಟ್ಟಿ ತುಂಬಿಸಿ ಒಳಗಿಂದ ಎರಡು ಮೂರು ಲೇಯರ್ ಫೈಬರ್ ಮ್ಯಾಟ್ ಹೊಡೆಯುವುದು, ಮುಗೀತು. 4 ಮಿ.ಮೀ. ಅಂದ್ರೆ ನಮಗೆ ಲೆಕ್ಕವೇ ಅಲ್ಲ, 10 ಮಿ.ಮೀ. ಕೂಡ ತುಂಬಿಸಿದ್ದುಂಟು, ಆ ಬೋಟು ಈಗಲೂ ಕಡಲಿಗೆ ಹೋಗ್ತಾ ಉಂಟು.

ಗ್ಯಾರೇಜ್_ಗರುಡ
@ಮಲ್ಪೆ_ದೋಣಿ ಹಂಗಾದ್ರೆ ಫ್ಲಾಕ್ಸ್ ತುಂಬಿಸಿಬಿಡ್ಲಾ? (ಎಪಾಕ್ಸಿ ಅಂಟಿಗೆ ಹತ್ತಿಯ ನಾರಿನ ಪುಡಿ ಕಲಸಿದ್ದು, ಒಣಗಿದ್ರೆ ಮರದ ಹಾಗೆ ಗಟ್ಟಿ.) ಸುಲಭ ಅನ್ಸುತ್ತೆ.

ಅಂಟಿನಮೇಷ್ಟ್ರು
ಎಳೆಯಲೂ ಬೇಡಿ, ತುಂಬಿಸಲೂ ಬೇಡಿ, ಇನ್ನೂ ಆ ಹಂತಕ್ಕೇ ನೀವು ಬಂದಿಲ್ಲ. ಯಾಕೆ ಕೂರ್ತಿಲ್ಲ ಅನ್ನೋದು ಮೊದಲು ಗೊತ್ತಾಗಲಿ.

ನಾನು ಬೆಂಗಳೂರಲ್ಲಿ ಕಾಂಪೊಸಿಟ್ (ನಾರು, ರೆಸಿನ್ ಸೇರಿಸಿ ಮಾಡೋ ವಸ್ತು) ಶಾಪಲ್ಲಿ ಬಹಳ ವರ್ಷ ಕೆಲಸ ಮಾಡಿ ರಿಟೈರ್ ಆದೋನು. ಒಂದು ಪ್ರಯೋಗ ಹೇಳ್ತೀನಿ, ಈಗಲೇ ಮಾಡಿ. ಒಂದು ಹಳೇ ಕ್ಯಾಲೆಂಡರ್ ಹಾಳೆ ತಗೊಂಡು ಕೊಳವೆ ಸುತ್ತಿ, ಅಂಚು ಅಂಟಿಸದೇ ಎರಡು ತುದಿ ಹಿಡಿದು ತಿರುಚಿ. ಬಟ್ಟೆ ಹಿಂಡಿದ ಹಾಗೆ ತಿರುಚುತ್ತೆ. ಈಗ ಅದೇ ಅಂಚಿಗೆ ಉದ್ದಕ್ಕೂ ಟೇಪ್ ಹಚ್ಚಿ ಮತ್ತೆ ತಿರುಚಿ ನೋಡಿ. ಅಲ್ಲಾಡಲ್ಲ. ಅದೇ ಕಾಗದ, ಅದೇ ದಪ್ಪ. ಬಾಯಿ ತೆರೆದ ಚಿಪ್ಪಿಗೂ ಮುಚ್ಚಿದ ಕೊಳವೆಗೂ ತಿರುಚುವ ಬಲದಲ್ಲಿ ನೂರಾರು ಪಟ್ಟು ವ್ಯತ್ಯಾಸ.

ನಿಮ್ಮ ಚಿಪ್ಪುಗಳು ಈಗ ಅಂಟಿಸದ ಕ್ಯಾಲೆಂಡರು. ನೀವು ಒತ್ತಿದ ಹಾಗೆ ಬಗ್ಗುತ್ತೆ, ಹೇಳಿದ ಮಾತು ಕೇಳುತ್ತೆ. ಅಂಟು ಒಣಗಿದ ಮರುದಿನ ಬೆಳಗ್ಗೆ ಆ ಕ್ಷಣದಲ್ಲಿ ಎಷ್ಟು ತಿರುಚಿತ್ತೋ ಅಷ್ಟರಲ್ಲೇ ಕಲ್ಲಾಗಿರುತ್ತೆ, ಆಮೇಲೆ ಆನೆ ತಂದು ಎಳೆದ್ರೂ ನೇರ ಆಗಲ್ಲ. ನೀವು 4 ಮಿ.ಮೀ. ಗ್ಯಾಪ್ ಬಗ್ಗೆ ಚಿಂತೆ ಮಾಡ್ತಿದೀರಿ, ನನಗೆ ಚಿಂತೆ ಬಾಲ ತಿರುಚಿದೆಯಾ ಅನ್ನೋದು. ಎಡ ಬಾಯಿ ಬಿಟ್ಟು ಬಲ ಬಿಗಿಯಾಗಿದೆ ಅಂದ್ರೆ ತಿರುಚಿರೋ ಸಾಧ್ಯತೆ ಜಾಸ್ತಿ. ಅಳೆದ್ರಾ?

ಗ್ಯಾರೇಜ್_ಗರುಡ
ಸರ್ ಕ್ಯಾಲೆಂಡರ್ ತಿರುಚಿದೆ, ಹೆಂಡತಿ ಹಾಲಿನ ಲೆಕ್ಕ ಬರೆದಿದ್ದ ಹಾಳೆ ಅದು, ಬೈಸ್ಕೊಂಡೆ. ತಿರುಚು ಅಳೆದಿಲ್ಲ. ಹೇಗೆ ಅಳೆಯೋದು, ಲೇಸರ್ ತಗೋಬೇಕಾ?

ಅಂಟಿನಮೇಷ್ಟ್ರು
ಲೇಸರ್ ಇದ್ರೆ ಒಳ್ಳೇದು, ಇಲ್ದಿದ್ರೆ ನಮ್ಮ ಗಾರೆ ಮೇಸ್ತ್ರಿಗಳ ಲೆವೆಲ್ ಪೈಪು ಸಾಕು. ಪಾರದರ್ಶಕ ಪೈಪು, ಒಳಗೆ ಬಣ್ಣದ ನೀರು, ಗುಳ್ಳೆ ಇರಬಾರದು ಅಷ್ಟೇ. ಹತ್ತಡಿ ದೂರದಲ್ಲೂ ಒಂದು ಮಿ.ಮೀ. ಒಳಗೆ ಹೇಳುತ್ತೆ. ಮುಂದೆ ರೆಕ್ಕೆಯ ಸ್ಪಾರ್ (ಒಳಗಿನ ತೊಲೆ) ಕೂರೋ ಜಾಗದಲ್ಲಿ ಎಡ ಬಲ ಸಮ ಮಾಡ್ಕೊಳಿ, ಅದೇ ನಿಮ್ಮ ಆಧಾರ. ಹಿಂದೆ ಬಾಲದಲ್ಲಿ ಟೇಲ್‌ಪ್ಲೇನಿನ (ಬಾಲದ ಅಡ್ಡ ರೆಕ್ಕೆ) ಅಡ್ಡ ಕೊಳವೆ ಹಾದುಹೋಗೋ ತೂತಿನ ಹತ್ರ ಒಂದು ಮೀಟರ್ ಉದ್ದದ ನೇರ ಪಟ್ಟಿ ಅಡ್ಡ ಕಟ್ಟಿ ಎರಡು ತುದಿ ಅಳೀರಿ. ಒಂದು ಡಿಗ್ರಿ ತಿರುಚಿದ್ರೆ ಆ ಒಂದು ಮೀಟರಿಗೆ 17 ಮಿ.ಮೀ. ಏರುಪೇರು ತೋರಿಸುತ್ತೆ, ತಪ್ಪಿಸ್ಕೊಳಕ್ಕಾಗಲ್ಲ. ತೂಗುಗುಂಡು ಕೂಡ ಬಿಡಿ, ಎರಡು ರೀತಿ ಅಳೆದು ಎರಡೂ ಒಂದೇ ಹೇಳಿದ್ರೆ ಮಾತ್ರ ನಂಬಿ.

ಸುಮ್ನೆ_ಓದೋನು
ನಡುವೆ ಬಾಯಿ ಹಾಕಿದ್ದಕ್ಕೆ ಸಾರಿ, ಇಡೀ ವಿಮಾನ ಬರೀ ಅಂಟಿನ ಮೇಲೆ ನಿಲ್ಲುತ್ತಾ?? ಬೋಲ್ಟು ರಿವೆಟ್ಟು ಏನೂ ಇಲ್ವಾ? ನಾನಂತೂ ಹತ್ತಲ್ಲ ಗುರು

ಅಂಟಿನಮೇಷ್ಟ್ರು
ಹತ್ತಿಯೇ ಇರ್ತೀರಿ, ಗೊತ್ತಿಲ್ಲ ಅಷ್ಟೇ, ಇವತ್ತಿನ ದೊಡ್ಡ ವಿಮಾನಗಳಲ್ಲೂ ಅಂಟಿಸಿದ ಭಾಗಗಳು ಬೇಕಾದಷ್ಟು. ಜರ್ಮನಿಯ ಸ್ಟುಟ್‌ಗಾರ್ಟ್ ವಿದ್ಯಾರ್ಥಿಗಳು ಮಾಡಿದ ಫೀನಿಕ್ಸ್ ಅನ್ನೋ ಗ್ಲಾಸ್ ಫೈಬರ್ ಗ್ಲೈಡರ್ 1957ರಲ್ಲೇ ಹಾರಿತು, ಅಲ್ಲಿಂದ ಇಲ್ಲಿವರೆಗೆ ಗ್ಲೈಡರ್ ಅಂದ್ರೆ ಅಂಟೇ. ನಮ್ಮ ಬೆಂಗಳೂರಿನ ಎನ್‌ಎಎಲ್ (ವಿಮಾನ ಸಂಶೋಧನಾ ಸಂಸ್ಥೆ) ಮಾಡಿದ ಹಂಸ ವಿಮಾನ, 1993ರಲ್ಲಿ ಹಾರಿದ್ದು, ಅದೂ ಕಾಂಪೊಸಿಟ್ ಮೈ.

ತೆಳು ಲ್ಯಾಮಿನೇಟಿಗೆ (ರೆಸಿನಲ್ಲಿ ನೆನೆಸಿ ಒಣಗಿಸಿದ ಗ್ಲಾಸ್ ಪದರಗಳು) ತೂತು ಕೊರೆದು ಬೋಲ್ಟ್ ಹಾಕಿದ್ರೆ ಇಡೀ ಭಾರ ಆ ತೂತಿನ ಅಂಚಿನ ಮೇಲೆ ಬೀಳುತ್ತೆ, ಅಲ್ಲಿಂದ ಸೀಳುತ್ತೆ. ಅಂಟು ಭಾರವನ್ನ ಉದ್ದಕ್ಕೂ ಹಂಚುತ್ತೆ. ಆದ್ರೆ ಅಂಟಿಗೊಂದು ದೌರ್ಬಲ್ಯ ಇದೆ. ಲಕೋಟೆಯ ಮುಚ್ಚಳವನ್ನ ಪಕ್ಕಕ್ಕೆ ಜಾರಿಸಿ ತೆಗಿಯೋಕೆ ನೋಡಿ, ಬರಲ್ಲ. ತುದಿಯಲ್ಲಿ ಉಗುರು ಹಾಕಿ ಮೇಲಕ್ಕೆತ್ತಿದ್ರೆ ಪರ್ ಅಂತ ಬಿಚ್ಕೊಳುತ್ತೆ. ಜಾರೋ ಬಲಕ್ಕೆ ಗಟ್ಟಿ, ಸುಲಿಯೋ ಬಲಕ್ಕೆ ಸೋಲು. ಗರುಡ ಅವರು ಚಿಪ್ಪನ್ನ ಎಳೆದು ಅಂಟಿಸಿದ್ರೆ ಆ ಚಿಪ್ಪು ಜೀವಮಾನ ಪೂರ್ತಿ ವಾಪಸ್ ಹೋಗಕ್ಕೆ ನೋಡುತ್ತೆ, ಅಂದ್ರೆ ದಿನಾ 24 ಗಂಟೆ ಯಾರೋ ಉಗುರು ಹಾಕಿ ಎತ್ತುತ್ತಾ ಇದ್ದ ಹಾಗೆ. ಮೇಲಿಂದ ಬಿಸಿಲು. ಕೋಣೆಯ ಶಾಖದಲ್ಲಿ ಒಣಗಿದ ಎಪಾಕ್ಸಿ 50-60 ಡಿಗ್ರಿ ದಾಟಿದ ಮೇಲೆ ಮೆತ್ತಗಾಗೋಕೆ ಶುರು ಮಾಡುತ್ತೆ, ಗಾಢ ಬಣ್ಣದ ಮೈ ಬಿಸಿಲಲ್ಲಿ ಅದನ್ನ ಆರಾಮಾಗಿ ದಾಟುತ್ತೆ. ಇಂಥ ವಿಮಾನ ಎಲ್ಲಾ ಬಿಳೀ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಫೀನಿಕ್ಸ್_ಅಕ್ಕ
ಗ್ಲೈಡರಿನ ಹೆಸರು ನೋಡಿ ನನ್ನನ್ನೇ ಕರೆದ್ರೇನೋ ಅನ್ಕೊಂಡೆ, ನನ್ನದು ಅರಿಜೋನಾದ ಫೀನಿಕ್ಸ್ 🙂

ಮೇಷ್ಟ್ರೇ, ಒಂದು ಸಣ್ಣ ತಕರಾರು. ನಾನು ಲಾಂಗ್-ಈಝೀ ಕಟ್ಟಿದೀನಿ, ಬರ್ಟ್ ರುಟಾನ್ ಡಿಸೈನು, 1979ರಲ್ಲಿ ಹಾರಿದ್ದು. ಅದರಲ್ಲಿ ಕಿಟ್ ಇಲ್ಲ, ಮೋಲ್ಡೂ ಇಲ್ಲ, ಫೋಮ್ ಹಾಳೆ ಮೇಲೆ ಗ್ಲಾಸ್ ಬಟ್ಟೆ ಹಾಸೋದು. ಮೈಯ ಎರಡು ಪಕ್ಕಗಳನ್ನ ಟೇಬಲ್ ಮೇಲೆ ಚಪ್ಪಟೆಯಾಗಿ ಮಾಡಿ, ಆಮೇಲೆ ಬಲ್ಕ್‌ಹೆಡ್ (ಮೈಯೊಳಗಿನ ಅಡ್ಡ ತಡೆ) ಸುತ್ತ ಬಗ್ಗಿಸಿ ಅಂಟಿಸ್ತೀವಿ, ಬೇಕಂತಲೇ ಬಗ್ಗಿಸೋದು. ನಾನು ಎಷ್ಟು ಕ್ಲಾಂಪ್ ಹಾಕಿದ್ದೆ ಅಂದ್ರೆ ಮುಳ್ಳುಹಂದಿ ತರ ಕಾಣ್ತಿತ್ತು. ಹಂಗಾದ್ರೆ ಎಳೆದು ಅಂಟಿಸೋದು ಪಾಪ ಅನ್ನೋದು ಎಲ್ಲಾ ಕಡೆಗೂ ಅಲ್ಲ ಅಲ್ವಾ.

ಅಂಟಿನಮೇಷ್ಟ್ರು
ಒಳ್ಳೇ ಪ್ರಶ್ನೆ ಅಮ್ಮಾ. ನೀವು ಬಗ್ಗಿಸಿದಾಗ ಹೊರಗಡೆ ಗ್ಲಾಸ್ ಇತ್ತಾ?

ಫೀನಿಕ್ಸ್_ಅಕ್ಕ
ಇರ್ಲಿಲ್ಲ, ಒಳಗಡೆ ಮಾತ್ರ. ಹೊರಗಿನದು ಆಮೇಲೆ ಹಾಸೋದು... ಓ, ಅರ್ಥ ಆಯ್ತು.

ಅಂಟಿನಮೇಷ್ಟ್ರು
ಅಷ್ಟೇ. ಒಂದೇ ಕಡೆ ಗ್ಲಾಸ್ ಇರೋ ಫೋಮು ಚಾಪೆ ಹಾಗೆ, ಕಡಿಮೆ ಬಲಕ್ಕೆ ಬಗ್ಗುತ್ತೆ, ಹೊರ ಪದರ ಹಾಸಿದ ಮೇಲೆ ಆ ಆಕಾರಕ್ಕೇ ಬೀಗ ಬಿದ್ದ ಹಾಗೆ. ಸುಲಿಯೋ ಬಲ ಒಂದು ಅಂಚಿನ ಮೇಲೆ ಬೀಳಲ್ಲ. ಗರುಡ ಅವರದ್ದು ಪೂರ್ತಿ ಗಟ್ಟಿಯಾದ ಚಿಪ್ಪು, ಒಂದಿಂಚು ಅಗಲದ ಅಂಚೊಂದೇ ಎಲ್ಲಾ ತಡೀಬೇಕು. ಸ್ವಲ್ಪವೂ ಎಳೀಲೇಬಾರದು ಅಂತ ನಾನೂ ಹೇಳಲ್ಲ, ಎರಡು ಬೆರಳಲ್ಲಿ ಒತ್ತಿದ್ರೆ ಕೂತ್ರೆ ಸರಿ. ಎಷ್ಟು ಬಲ ಬೇಕು ಅಂತ ತೂಕ ಹಾಕಿ ನೋಡಿ.

ಗ್ಯಾರೇಜ್_ಗರುಡ
ತೂಕ ಹಾಕಿದೆ! ಊರಿಗೆ ಹೋಗುವಾಗ ಸೂಟ್‌ಕೇಸ್ 23 ಕೆಜಿ ದಾಟದ ಹಾಗೆ ನೋಡ್ಕೊಳೋ ಕೈ ತಕ್ಕಡಿ ಇತ್ತಲ್ಲ, ಅದಕ್ಕೆ ಬೆಲ್ಟ್ ಕಟ್ಟಿ ಎಳೆದೆ. ಅತಿ ಕೆಟ್ಟ ಜಾಗದಲ್ಲಿ 9 ಕೆಜಿ. ಲೆವೆಲ್ ಪೈಪಲ್ಲಿ ಅಳೆದ್ರೆ ಬಾಲದ ಹತ್ರ ಒಂದು ಮೀಟರ್ ಪಟ್ಟಿಗೆ 11 ಮಿ.ಮೀ. ಏರುಪೇರು, ಕ್ಲೆಕೋ ಹಾಕಿದಾಗ. ಕ್ಲೆಕೋ ತೆಗೆದ್ರೆ ಕೆಳಗಿನ ಚಿಪ್ಪು ಒಂದೇ 8. ಅಂದ್ರೆ ತಿರುಚಿರೋದು ಕೆಳಗಿನದೇ, ಟೈರ್ ಮೇಲೆ ಮಲಗಿ ಮಲಗಿ. ಎಳೆದು ಅಂಟಿಸಿಬಿಟ್ಟಿದ್ರೆ ಅರ್ಧ ಡಿಗ್ರಿಗಿಂತ ಜಾಸ್ತಿ ಸೊಟ್ಟ ಬಾಲ ಇಟ್ಕೊಂಡು ಹಾರ್ತಿದ್ದೆ.

ಮಲ್ಪೆ_ದೋಣಿ
ಈಗ ನನಗೂ ಗೊತ್ತಾಯಿತು. ಪುಟ್ಟಿ ತುಂಬಿಸಿದ್ರೆ ಗ್ಯಾಪ್ ಹೋಗ್ತಿತ್ತು, ಸೊಟ್ಟ ಹಾಗೇ ಉಳೀತಿತ್ತು. ದೋಣಿ ಸ್ವಲ್ಪ ಸೊಟ್ಟ ಇದ್ರೆ ಚುಕ್ಕಾಣಿ ಹಿಡಿದವ ಅಡ್ಜಸ್ಟ್ ಮಾಡ್ತಾನೆ, ಮೇಲೆ ಹಾಗೆ ಆಗ್ಲಿಕ್ಕಿಲ್ಲ.

ಆದ್ರೆ ಸೊಟ್ಟ ತೆಗಿಲಿಕ್ಕೆ ನಮ್ಮಲ್ಲಿ ಒಂದು ದಾರಿ ಉಂಟು. ಹಲ್ ಮೋಲ್ಡಿಂದ ತೆಗೆದ ಮೇಲೆ ನೆಲಕ್ಕೆ ಇಡುವುದಿಲ್ಲ, ತೊಟ್ಟಿಲು ಮಾಡ್ತೇವೆ, ಪ್ಲೈವುಡ್ ಅನ್ನು ಹಲ್ ಆಕಾರಕ್ಕೆ ಕತ್ತರಿಸಿ ನಾಲ್ಕೈದು ಕಡೆ. ಸೊಟ್ಟ ಇದ್ದದ್ದು ಅದರಲ್ಲಿ ಎರಡು ವಾರ ಬಿಸಿಲಲ್ಲಿ ಕೂತರೆ ತನ್ನಿಂತಾನೇ ಸುಮಾರು ಸರಿ ಆಗ್ತದೆ. ಬಿಸಿಲಿಗೆ ಬಗ್ಗಿದ್ದು ಬಿಸಿಲಿಗೇ ನೆಟ್ಟಗಾಗ್ಬೇಕು.

ಅಂಟಿನಮೇಷ್ಟ್ರು
ದೋಣಿಯವರ ಈ ಮಾತು ಚಿನ್ನ. ತೊಟ್ಟಿಲು ಮಾಡಿ. ಮೈಯ ಆಕಾರವನ್ನ ಮೇಲಿನ ಚಿಪ್ಪಿಂದ ಅಲ್ಲ, ಡ್ರಾಯಿಂಗಿಂದ, ಬಲ್ಕ್‌ಹೆಡ್‌ಗಳಿಂದ ತಗೊಳಿ. ಬೆಚ್ಚಗಿಡಿ, 30-35 ಡಿಗ್ರಿ ಸಾಕು, ಹೀಟ್ ಗನ್ ಕೈಗೆತ್ತಿಕೊಂಡ್ರೆ ನಾನು ಈ ಥ್ರೆಡ್ಡಿಗೆ ಬರೋದೇ ಬಿಡ್ತೀನಿ. ಒಂದು ಕಡೆ ಮಾತ್ರ ಸುಟ್ಟು ಇನ್ನೊಂದು ಕಡೆ ತಣ್ಣಗಿದ್ರೆ ಹೊಸ ಸೊಟ್ಟ ಹುಟ್ಟುತ್ತೆ, ಲ್ಯಾಮಿನೇಟ್ ಒಳಗೇ ಬಿಡೋದೂ ಉಂಟು. ನಿಮ್ಮ ಇನ್‌ಸ್ಪೆಕ್ಟರಿಗೂ ಮೊದಲೇ ಹೇಳಿ.

ಗ್ಯಾರೇಜ್_ಗರುಡ
ಹೇಳಿದೀನಿ ಸರ್. ಇಲ್ಲಿ ಎಲ್‌ಎಎ (ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್) ಅಂತ ಸಂಸ್ಥೆ, ಅವರ ಇನ್‌ಸ್ಪೆಕ್ಟರ್ ಪ್ರತಿ ಹಂತಕ್ಕೂ ಬಂದು ನೋಡಿ ಸಹಿ ಹಾಕ್ಬೇಕು, ಮುಚ್ಚೋ ಮುಂಚೆ ಒಳಗೆ ನೋಡದೇ ಮುಚ್ಚೋ ಹಾಗಿಲ್ಲ. ಎಪ್ಪತ್ತು ದಾಟಿದ ತಾತ. ತೊಟ್ಟಿಲಿನ ಐಡಿಯಾ ಹೇಳಿದ್ರೆ ಟೀ ಕುಡೀತಾ "ಹೂಂ" ಅಂದ್ರು, ಅವರ ಭಾಷೇಲಿ ಅದು ಭಾರಿ ಮೆಚ್ಚುಗೆ.

*(ಮೂರು ವಾರ ಆದಮೇಲೆ)*

ಗ್ಯಾರೇಜ್_ಗರುಡ
ಅಪ್‌ಡೇಟ್. ಐದು ಪ್ಲೈವುಡ್ ಚೌಕಟ್ಟು, ಮೇಲೆ ಪಾಲಿಥೀನ್ ಟೆಂಟು, ಒಳಗೆ ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್. ಕರೆಂಟ್ ಬಿಲ್ ಬಗ್ಗೆ ಮಾತಾಡಲ್ಲ. ಕೆಳಗಿನ ಚಿಪ್ಪಿನ ಏರುಪೇರು 8ರಿಂದ 2 ಮಿ.ಮೀ.ಗೆ ಇಳೀತು!! ಆದ್ರೆ ಗ್ಯಾಪ್ ಪೂರ್ತಿ ಹೋಗ್ಲಿಲ್ಲ, ಒಂದೂವರೆ ಮಿ.ಮೀ. ಉಳೀತು. ಅಲ್ಲಿ ಏನೋ ತಾಗ್ತಿದೆ ಅಂತ ಅನ್ಸಿ, ಹುಬ್ಬಳ್ಳಿಯವರು ಮೆಸೇಜಲ್ಲಿ ಹೇಳಿದ ಹಾಗೆ ಜಾಗಲ್ ಮೇಲೆ ಸೀಮೆಸುಣ್ಣ ಬಳಿದು ಮುಚ್ಚಿ ತೆಗೆದೆ. ಬಲಗಡೆ ಬಾಲದ ಹತ್ರ ಒಂದೇ ಕಡೆ ಸುಣ್ಣ ಅಳಿಸಿತ್ತು, ಅಲ್ಲಿ ಹಳೇ ಓನರ್ ಯಾವಾಗ್ಲೋ ಬೀಳಿಸಿದ್ದ ರೆಸಿನ್ ಹನಿ, ಕಡಲೆಕಾಳಿನಷ್ಟು, ಒಣಗಿ ಕೂತಿತ್ತು. ಬಿಗಿಯಾಗಿದ್ದ ಬಲಗಡೆ, ಬಾಯಿ ಬಿಟ್ಟಿದ್ದು ಎಡಗಡೆ! ಅದನ್ನ ಉಜ್ಜಿ ತೆಗೆದ್ಮೇಲೆ ಈಗ ತಕ್ಕಡಿ 2 ಕೆಜಿ ಹೇಳುತ್ತೆ.

ಹುಬ್ಬಳ್ಳಿ_ಗ್ಲೈಡರ್
ಕಡ್ಲಿಕಾಳು ಇಡೀ ವಿಮಾನ ಎತ್ತಿ ಹಿಡದಿತ್ತು ನೋಡ್ರಿ 😂 ದೊಡ್ಡ ರೋಗಕ್ಕ ಸಣ್ಣ ಕಾರಣ.

ಫೀನಿಕ್ಸ್_ಅಕ್ಕ
ಸೂಪರ್. ಮುಚ್ಚೋ ಮುಂಚೆ ಒಂದು ಮಾತು. ಈಗ ಕೈ ಎಲ್ಲಾ ಕಡೆ ಹೋಗುತ್ತೆ, ಆಮೇಲೆ ಹೋಗಲ್ಲ. ಬಾಲದ ಒಳಗೆ ಕಂಟ್ರೋಲ್ ರಾಡಿನ ಪ್ರತಿ ನಟ್ಟಿಗೂ ಟಾರ್ಕ್ ಹಾಕಿ (ಅಳತೆ ಬಲದಲ್ಲಿ ಬಿಗಿದು) ಪೇಂಟ್ ಗುರುತು ಹಾಕಿದೀರಾ, ರಾಡ್ ಪೂರ್ತಿ ಓಡುವಾಗ ಎಲ್ಲಾದ್ರೂ ತಾಗುತ್ತಾ, ಎಲ್ಲಾ ಫೋಟೋ ತೆಗೆದಿಡಿ, ಪಕ್ಕದಲ್ಲಿ ಟೇಪು ಇಟ್ಟು ತೆಗೀರಿ, ಎರಡು ವರ್ಷ ಆದ್ಮೇಲೆ ಆ ಬ್ರಾಕೆಟ್ ಎಷ್ಟು ಹಿಂದಿತ್ತು ಅಂತ ಬೇಕಾಗುತ್ತೆ. ಮತ್ತೆ ನೈಲಾನ್ ದಾರ, ಮುಂದಿಂದ ಬಾಲದ ತುದಿವರೆಗೆ ಎರಡು, ಸುಮ್ನೆ ಖಾಲಿ ಬಿಟ್ಟಿರಿ. ಮುಂದೆ ಆಂಟೆನಾ ವೈರೋ ಲೈಟಿನ ವೈರೋ ಎಳೀಬೇಕಾದ್ರೆ ಅದಕ್ಕೆ ಕಟ್ಟಿ ಎಳೀಬಹುದು. ಎಳೆಯೋವಾಗ ವೈರಿನ ಜೊತೆ ಇನ್ನೊಂದು ಹೊಸ ದಾರನೂ ಕಟ್ಟಿ, ಇಲ್ದಿದ್ರೆ ಇದ್ದ ದಾರ ಹೊರಗೆ ಬಂದು ದಾರಿ ಮುಗೀತು.

ಗ್ಯಾರೇಜ್_ಗರುಡ
ದಾರ ಒಂದು ಹಾಕ್ತೀನಿ ಅಕ್ಕ, ವೈರಿಂಗ್ ಎಲ್ಲಾ ಈಗಲೇ ಹಾಕಿ ಆಗಿದೆ, ಇನ್ನೇನು ಬೇಕಾಗುತ್ತೆ.

ಅಂಟಿನ ದಪ್ಪ ಎಲ್ಲಾ ಕಡೆ ಸಮ ಇದೆಯಾ ಅಂತ ಮುಚ್ಚದೇ ಗೊತ್ತಾಗೋದು ಹೇಗೆ?

ಅಂಟಿನಮೇಷ್ಟ್ರು
ಮಕ್ಕಳು ಆಡೋ ಜೇಡಿಮಣ್ಣಿನ ಗುಳಿಗೆ ಮಾಡಿ, ಸಾಸಿವೆ ಅಲ್ಲ, ಹೆಸರುಕಾಳಿನಷ್ಟು, ಅಂಚಿನ ಉದ್ದಕ್ಕೂ ಗೇಣಿಗೊಂದು ಇಡಿ. ಆದ್ರೆ ಎರಡೂ ಕಡೆ ಅಡುಗೆಮನೆ ಪ್ಲಾಸ್ಟಿಕ್ ಹಾಳೆ ಇರಲೇಬೇಕು, ಆ ಮಣ್ಣಿನಲ್ಲಿ ಎಣ್ಣೆ ಇರುತ್ತೆ, ಅಂಚಿಗೆ ತಾಗಿದ್ರೆ ಅಂಟು ಹಿಡಿಯಲ್ಲ. ಮುಚ್ಚಿ, ಕ್ಲೆಕೋ ಹಾಕಿ, ತೆಗೆದು ಚಪ್ಪಟೆಯಾದ ಗುಳಿಗೆಗಳನ್ನ ವರ್ನಿಯರಲ್ಲಿ ಅಳೀರಿ. ಎಲ್ಲೋ ಕಾಗದದಷ್ಟು ತೆಳುವಾಗಿದ್ರೆ ಅಲ್ಲಿ ಅಂಟೆಲ್ಲಾ ಹೊರಗೆ ಹಿಂಡಿ ಹೋಗುತ್ತೆ, ಒಣ ಜಾಯಿಂಟು. ಜಾಸ್ತಿ ಬಿಗಿದಷ್ಟೂ ಗಟ್ಟಿ ಅನ್ನೋದು ಮರಗೆಲಸದ ಅಭ್ಯಾಸ, ಎಪಾಕ್ಸಿಗೆ ಉಸಿರಾಡೋಕೆ ಜಾಗ ಬೇಕು. ಒಂದು ಮಿ.ಮೀ. ಮೀರಿದ ಜಾಗದಲ್ಲಿ ಮಾತ್ರ ಫ್ಲಾಕ್ಸ್ ಜಾಸ್ತಿ ಹಾಕಿ. ಅದರ ತೂಕನೂ ಲೆಕ್ಕ ಹಾಕಿ: 25 ಮಿ.ಮೀ. ಅಗಲ, 2 ಮಿ.ಮೀ. ದಪ್ಪ, ಮೂರು ಮೀಟರ್ ಉದ್ದ ಅಂದ್ರೆ 150 ಮಿ.ಲೀ., ಎರಡು ಪಕ್ಕ ಸೇರಿ 300, ಸುಮಾರು 330 ಗ್ರಾಂ. ಕಮ್ಮಿ ಅನ್ಸುತ್ತೆ, ಆದ್ರೆ ಅದರಲ್ಲಿ ಬಹುಪಾಲು ಬಾಲದಲ್ಲಿ, ತೂಕದ ಕೇಂದ್ರಕ್ಕೆ ಬಲು ದೂರ. ತಕ್ಕಡಿ ಸಮ ಮಾಡಕ್ಕೆ ಮೂಗಿನಲ್ಲಿ ಅದಕ್ಕಿಂತ ಜಾಸ್ತಿ ಸೀಸ ಹೊರಬೇಕಾಗುತ್ತೆ.

ಇನ್ನು ಅಂಚನ್ನ ಉಜ್ಜೋದು. ಎಂಬತ್ತು ನಂಬರಿನ ಉಜ್ಜುಕಾಗದ, ಹೊಳಪು ಒಂದು ಚುಕ್ಕೆಯೂ ಉಳೀಬಾರದು, ಆದ್ರೆ ಬಟ್ಟೆಯ ನಾರು ಕಡಿಯುವಷ್ಟೂ ಬೇಡ. ಹಿಂದೆ ಪೀಲ್ ಪ್ಲೈ (ರೆಸಿನ್ ಒಣಗಿದ ಮೇಲೆ ಕಿತ್ತು ತೆಗೆಯೋ ಬಟ್ಟೆ) ಹಾಕಿದ್ದ ಜಾಗಾನೂ ಉಜ್ಜಿ. ಪೀಲ್ ಪ್ಲೈ ಕಿತ್ರೆ ಸಾಕು, ಉಜ್ಜೋದು ಬೇಡ ಅನ್ನೋರು ಬಹಳ ಜನ ಇದಾರೆ, ನಾನು ಒಪ್ಪಲ್ಲ, ಕೆಲವು ಬಟ್ಟೆಗೆ ಬಿಡಿಸೋಕೆ ಅನುಕೂಲ ಆಗ್ಲಿ ಅಂತ ಲೇಪ ಇರುತ್ತೆ, ಅದು ಮೇಲ್ಮೈಯಲ್ಲೇ ಉಳಿಯುತ್ತೆ. ಕೊನೆಗೆ ಶುದ್ಧ ನೀರು ಚಿಮುಕಿಸಿ, ಹಾಳೆಯ ಹಾಗೆ ಹರಡಿ ನಿಂತ್ರೆ ಶುದ್ಧ, ಕೆಸುವಿನೆಲೆ ಮೇಲಿನ ಹನಿ ತರ ಉರುಳಿದ್ರೆ ಎಣ್ಣೆ ಇದೆ ಅಂತ. ಪೂರ್ತಿ ಒಣಗಿಸಿ ಆಮೇಲೆ ಅಂಟು.

ಫೀನಿಕ್ಸ್_ಅಕ್ಕ
ತಲೆಗೆ ಕೊಬ್ಬರಿ ಎಣ್ಣೆ ಹಚ್ಕೊಂಡು ಗ್ಯಾರೇಜಿಗೆ ಹೋಗ್ಬೇಡಿ! ಬೆವರು ಒರೆಸ್ಕೊಂಡು ಅದೇ ಗ್ಲೌಸಲ್ಲಿ ಅಂಚು ಮುಟ್ಟಿ ಒಂದಿಡೀ ಭಾನುವಾರ ಮತ್ತೆ ಉಜ್ಜಿದೀನಿ. ಗ್ಲೌಸ್ ಇಲ್ದೇ ಎಪಾಕ್ಸಿನೂ ಮುಟ್ಬೇಡಿ, ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದ್ರೆ ಜನ್ಮಕ್ಕೆ ಹೋಗಲ್ಲ, ವಿಮಾನ ಅರ್ಧಕ್ಕೇ ಮಾರಿದೋರು ಇದಾರೆ.

ಮಲ್ಪೆ_ದೋಣಿ
ಎಪಾಕ್ಸಿ ಒಂದೇ ಬಕೆಟಿನಲ್ಲಿ ಕಲಸಬೇಡಿ. ಡಬ್ಬದಲ್ಲಿ ಗುಂಪಾಗಿ ಇದ್ರೆ ತನ್ನ ಬಿಸಿಗೆ ತಾನೇ ಕುದಿದು ಹೊಗೆ ಬರ್ತದೆ. ಅಗಲ ತಟ್ಟೆಗೆ ಸುರಿದ್ರೆ ಆರಾಮ. ಸಣ್ಣ ಸಣ್ಣ ಪಾಲು ಮಾಡಿ, ಒಬ್ಬ ಕಲಸ್ಲಿಕ್ಕೆ ಮಾತ್ರ.

ಗ್ಯಾರೇಜ್_ಗರುಡ
ನನಗೆ ಉಲ್ಟಾ ಸಮಸ್ಯೆ, ರಾತ್ರಿ ಗ್ಯಾರೇಜು 7 ಡಿಗ್ರಿ. ಅಂಟು ಒಣಗೋ ಬದಲು ತುಪ್ಪದ ಹಾಗೆ ಹೆಪ್ಪುಗಟ್ಟುತ್ತೆ. ಅದೇ ಟೆಂಟ್, ಅದೇ ಹೀಟರ್, 22 ಡಿಗ್ರಿ ಹಿಡಿದು ಎರಡು ದಿನ ಚಿಪ್ಪನ್ನೂ ಬೆಚ್ಚಗೆ ಮಾಡಿ ಆಮೇಲೆ ಶುರು ಮಾಡ್ತೀನಿ. ಗಾಳಿ ಬೆಚ್ಚಗಿದ್ದು ಚಿಪ್ಪು ತಣ್ಣಗಿದ್ರೆ ಇಬ್ಬನಿ ಕೂರುತ್ತಂತೆ, ತಾತ ಹೇಳಿದ್ದು. ಈ ಶನಿವಾರ ಮುಹೂರ್ತ. ರಾಹುಕಾಲ ಬಿಟ್ಟು.

*(ಭಾನುವಾರ)*

ಗ್ಯಾರೇಜ್_ಗರುಡ
ಆಯ್ತು!!! ನಾಲ್ಕು ಜನ, ನಾನು, ಹೆಂಡತಿ, ಪಕ್ಕದ ಮನೆಯೋರು, ತಾತ (ನೋಡಕ್ಕೆ ಮಾತ್ರ ಬಂದಿದ್ದೀನಿ ಅಂದೋರು ಮೊದಲು ತೋಳು ಮಡಚಿದ್ರು). ಹಿಂದಿನ ದಿನ ಮೂರು ಸಲ ಅಂಟಿಲ್ದೇ ರಿಹರ್ಸಲ್ ಮಾಡಿದ್ವಿ, ಯಾರು ಎಲ್ಲಿ ನಿಲ್ಲೋದು, ಕ್ಲೆಕೋ ಯಾವ ತೂತಿಂದ ಶುರು, ಎಲ್ಲಾ. ಅದು ಮಾಡಿದ್ದಕ್ಕೇ ಬದುಕಿದ್ವಿ. ಅಂಟು ಬಳಿಯೋದ್ರಿಂದ ಕೊನೆ ಕ್ಲೆಕೋವರೆಗೆ 38 ನಿಮಿಷ. ಮುಚ್ಚಳ ನೇರ ಕೆಳಗಿಳಿಸ್ಬೇಕು, ಜಾರಿಸಿದ್ರೆ ಅಂಟು ಗುಡಿಸಿ ಹೋಗುತ್ತೆ, ಒಂದು ಕಡೆ ಸ್ವಲ್ಪ ಹಂಗಾಯ್ತು, ಮತ್ತೆ ಎತ್ತಿ ಬಳಿದ್ವಿ. ಆಮೇಲೆ ಪ್ರತಿ ಹತ್ತು ನಿಮಿಷಕ್ಕೆ ಲೆವೆಲ್ ಪೈಪು, ಬಾಲದಲ್ಲಿ ಅರ್ಧ ಮಿ.ಮೀ.!

ಒಳಗಡೆ ಜಾಯಿಂಟಿನ ಮೇಲೆ ಗ್ಲಾಸ್ ಟೇಪು ಹಾಸೋದು ಇತ್ತಲ್ಲ, ಬಾಲದ ಕೊಳವೆಯೊಳಗೆ ನಾನು ಭುಜದವರೆಗೆ ಹೋಗಿ ಸಿಕ್ಕಾಕ್ಕೊಂಡೆ. ಕೊನೆಗೆ ಹೆಂಡತಿ ಹೋದ್ಲು, ಮಾಸ್ಕು, ತಲೆಗೆ ಟಾರ್ಚು, ಕೆಳಗೆ ಯೋಗ ಮಾಡೋ ಚಾಪೆ. ನಾನು ಹೊರಗೆ ಪ್ಲಾಸ್ಟಿಕ್ ಹಾಳೆ ಮೇಲೆ ಟೇಪನ್ನ ರೆಸಿನಲ್ಲಿ ನೆನೆಸಿ ಕೊಡೋದು, ಅವಳು ಅಂಟಿಸಿ ರೋಲರ್ ಓಡಿಸಿ ಪ್ಲಾಸ್ಟಿಕ್ ಸುಲಿಯೋದು. ನೇಯ್ಗೆ 45 ಡಿಗ್ರಿ ಓರೆ ಬರೋ ಹಾಗೆ ಕತ್ತರಿಸಿದ್ದು, ತಿರುಚೋ ಬಲಕ್ಕೆ ಅದೇ ಗಟ್ಟಿ. ಎರಡು ಗಂಟೆ. "ಮದ್ವೆ ಮಾತುಕತೇಲಿ ಇದನ್ನ ಯಾರೂ ಹೇಳಿರ್ಲಿಲ್ಲ" ಅಂತ ಒಳಗಿಂದ ಪ್ರತಿಧ್ವನಿ ಬಂತು.

ಸುಮ್ನೆ_ಓದೋನು
ಅಕ್ಕಂಗೆ ಪೈಲಟ್ ಸೀಟು ಕೊಡಿ ಗುರು, ನಿಜವಾದ ಎಂಜಿನಿಯರ್ ಅವರೇ

ಅಂಟಿನಮೇಷ್ಟ್ರು
ಸಂತೋಷ. ಪ್ರತಿ ಪಾಲಿನಿಂದ ಒಂದೊಂದು ಚೂರು ಉಳಿಸಿದ್ರಾ? ಎರಡು ಗ್ಲಾಸ್ ಪಟ್ಟಿ ಅಂಟಿಸಿ ಇಟ್ಟಿದ್ರಾ?

ಗ್ಯಾರೇಜ್_ಗರುಡ
ಇಟ್ಟಿದೀನಿ ಸರ್, ಐದು ಬಟ್ಟಲು, ಐದು ಪಟ್ಟಿ, ನಂಬರ್ ಹಾಕಿ. ಇವತ್ತು ವೈಸಿಗೆ ಹಾಕಿ ಮುರಿದೆ. ನಾಲ್ಕರಲ್ಲಿ ಅಂಟು ಬಿಡ್ಲಿಲ್ಲ, ಗ್ಲಾಸಿನ ಪದರಾನೇ ಹರಿದು ನಾರು ಕಿತ್ತು ಬಂತು. ಮೂರನೇದು ಮಾತ್ರ ಒಂದು ಮೂಲೆ ನುಣ್ಣಗೆ ಬಿಡ್ತು. ಆ ಪಾಲು ಎಡಗಡೆ ಬಾಗಿಲ ಹಿಂದೆ ಸುಮಾರು ಅರ್ಧ ಮೀಟರ್ ಹೋಗಿದೆ.

ಅಂಟಿನಮೇಷ್ಟ್ರು
ನುಣ್ಣಗೆ ಬಿಟ್ಟ ಮೂಲೆಯನ್ನ ಬೆಳಕಿಗೆ ಹಿಡಿದು ನೋಡಿ. ಉಜ್ಜಿದ ಗೀರು ಇದೆಯಾ, ಹೊಳಪಿದೆಯಾ?

ಗ್ಯಾರೇಜ್_ಗರುಡ
ಹೊಳಪಿದೆ. ಅಯ್ಯೋ, ಆ ಪಟ್ಟಿಯ ತುದಿ ಉಜ್ಜೋದೇ ಮರ್ತಿದೀನಿ.

ಅಂಟಿನಮೇಷ್ಟ್ರು
ಹಾಗಾದ್ರೆ ತಪ್ಪು ಪಟ್ಟಿಯದ್ದು, ಅಂಟಿನದ್ದಲ್ಲ ಅನ್ಸುತ್ತೆ. ಅನ್ಸುತ್ತೆ ಅಂತ ಬಿಡೋ ಹಾಗಿಲ್ಲ. ಆ ಬಟ್ಟಲಿನ ಅಂಟಿಗೆ ಉಗುರು ಹಾಕಿ ನೋಡಿ, ಬೇರೆ ನಾಲ್ಕರಷ್ಟೇ ಗಟ್ಟಿ ಇದೆಯಾ. ಆ ಅರ್ಧ ಮೀಟರನ್ನ ನಾಣ್ಯದಲ್ಲಿ ತಟ್ಟಿ, ಟಣ್ ಅಂದ್ರೆ ಸರಿ, ತೆಂಗಿನಕಾಯಿ ಬಡಿದ ಹಾಗೆ ಡಬ್ ಅಂದ್ರೆ ಒಳಗೆ ಖಾಲಿ. ಆದ್ರೆ ನಾಣ್ಯ ಖಾಲಿ ಜಾಗ ಹೇಳುತ್ತೆ, ಹಿಡಿತ ಎಷ್ಟು ಗಟ್ಟಿ ಅಂತ ಹೇಳಲ್ಲ, ಅದಕ್ಕೇ ಇನ್‌ಸ್ಪೆಕ್ಟರಿಗೆ ಪಟ್ಟಿ ತೋರಿಸಿ, ಬಚ್ಚಿಡಬೇಡಿ.

ಗ್ಯಾರೇಜ್_ಗರುಡ
ತೋರಿಸಿದೆ. ಬಟ್ಟಲು ಗಟ್ಟಿ ಇದೆ, ನಾಣ್ಯ ಉದ್ದಕ್ಕೂ ಟಣ್. ಉಳಿದ ಅದೇ ಗ್ಲಾಸ್ ಚೂರನ್ನ ಒಂದು ತುದಿ ಉಜ್ಜಿ, ಒಂದು ತುದಿ ಬಿಟ್ಟು, ಹೊಸ ಅಂಟಲ್ಲಿ ಅಂಟಿಸಿ ಎರಡು ದಿನ ಬಿಟ್ಟು ಮುರಿ ಅಂದ್ರು. ಉಜ್ಜಿದ ಕಡೆ ನಾರು ಕಿತ್ತು ಬಂತು, ಬಿಟ್ಟ ಕಡೆ ನುಣ್ಣಗೆ. ಆಮೇಲೆ ಆ ಅರ್ಧ ಮೀಟರಿಗೆ ಒಳಗಿಂದ ಇನ್ನೊಂದು ಪದರ ಟೇಪ್ ಹಾಕು ಅಂತ ಹೇಳಿ ಸಹಿ ಹಾಕಿದ್ರು. ಅದು ಬಾಗಿಲ ಹತ್ರ ಆದ್ದರಿಂದ ಈ ಸಲ ನನ್ನ ಕೈ ಹೋಯ್ತು.

*(ಒಂದು ತಿಂಗಳ ನಂತರ)*

ಗ್ಯಾರೇಜ್_ಗರುಡ
@ಫೀನಿಕ್ಸ್_ಅಕ್ಕ ಇದೀರಾ? ರೇಡಿಯೋ ಆಂಟೆನಾ ಜಾಗ ಬದಲಾಯಿಸಿ ಫಿನ್ (ಬಾಲದ ನೆಟ್ಟಗಿನ ರೆಕ್ಕೆ) ಒಳಗೆ ಹಾಕ್ಬೇಕಾಯ್ತು. ದಾರಕ್ಕೆ ಕೇಬಲ್ ಕಟ್ಟಿ ಎಳೆದೆ, ಬೆಣ್ಣೆ ಹಾಗೆ ಬಂತು, ನಿಮ್ಮನ್ನ ನೆನೆಸ್ಕೊಂಡೆ.

ಫೀನಿಕ್ಸ್_ಅಕ್ಕ
ಒಳ್ಳೇದಾಯ್ತು 🙂 ಕೇಬಲ್ ಜೊತೆ ಹೊಸ ದಾರ ಕಟ್ಟಿದ್ರಿ ತಾನೆ?

ಗ್ಯಾರೇಜ್_ಗರುಡ
ಇಲ್ಲ. ಈಗ ನೋಡಿದ್ರೆ ಬಾಲದ ತುದಿಯ ಬಿಳಿ ದೀಪದ ವೈರು ಒಂದು ಎಳೆ ಕಡಿಮೆ ಹಾಕಿದೀನಿ.

ಮಲ್ಪೆ_ದೋಣಿ
ಯೋಗದ ಚಾಪೆ ಎಲ್ಲಿ ಉಂಟು ಮಾರಾಯ್ರೆ?

ಗ್ಯಾರೇಜ್_ಗರುಡ
ಚಾಪೆ ಇದೆ. ಅವಳನ್ನ ಕೇಳೋಕೆ ಧೈರ್ಯ ಬರ್ತಿಲ್ಲ.